ಮಾತು ಕಡಿಮೆಯೋ, ಮನಸ್ಸೇ ತಣ್ಣಗೋ? ಭಾವನೆ ತೋರಿಸದವರಿಗೆ ಸರಿಯಾದ ಇಂಗ್ಲಿಷ್ ಪದ ಆರಿಸುವುದು ಹೇಗೆ

ಕೆಲವು ವರ್ಷಗಳ ಹಿಂದೆ ಸಹೋದ್ಯೋಗಿಯೊಬ್ಬರಿಗೆ ಇಂಗ್ಲಿಷಿನಲ್ಲಿ ಶಿಫಾರಸು ಪತ್ರ ಬರೆಯುತ್ತಿದ್ದೆ. ಎಷ್ಟೇ ಗಲಾಟೆಯಾದರೂ ಅವರು ದನಿ ಏರಿಸುತ್ತಿರಲಿಲ್ಲ. ಹೊಗಳಿದರೆ ಉಬ್ಬುತ್ತಿರಲಿಲ್ಲ, ಬೈದರೆ ಕುಗ್ಗುತ್ತಿರಲಿಲ್ಲ. ನನ್ನ ತಲೆಯಲ್ಲಿದ್ದ ಪದ ‘ನಿರ್ಲಿಪ್ತ’. ನಿಘಂಟು ತೆಗೆದೆ, ಕಣ್ಣಿಗೆ ಬಿದ್ದ ಮೊದಲ ಪದ ‘ಇಂಡಿಫರೆಂಟ್’, ಅದನ್ನೇ ಬರೆದುಬಿಟ್ಟೆ. ಪತ್ರ ನೋಡಿದ ಹಿರಿಯರೊಬ್ಬರು ಕನ್ನಡಕ ತೆಗೆದು ಕೇಳಿದರು: “ಇವರಿಗೆ ಕೆಲಸ ಸಿಗೋದು ನಿಮಗೆ ಇಷ್ಟ ಇಲ್ವಾ?”

ಇಂಡಿಫರೆಂಟ್ ಅಂದರೆ ‘ಏನಾದರೆ ನನಗೇನು’ ಎನ್ನುವವರು. ಸಾಲದ್ದಕ್ಕೆ ಅದಕ್ಕೆ ‘ಅಷ್ಟಕ್ಕಷ್ಟೇ’ ಎಂಬ ಅರ್ಥವೂ ಇದೆ. ಇಂಡಿಫರೆಂಟ್ ಗಾಯಕ ಅಂದರೆ ಹಾಡುಗಾರಿಕೆ ಸಾಧಾರಣ ಅಂತ. ಒಂದೇ ಪದದಲ್ಲಿ ಆ ಮನುಷ್ಯನಿಗೆ ಎರಡು ಏಟು ಕೊಟ್ಟಿದ್ದೆ.

ಭಾವನೆಯನ್ನು ಹೊರಗೆ ಬಿಡದವರ ಬಗ್ಗೆ ಇಂಗ್ಲಿಷಿನಲ್ಲಿ ಸುಲಭವಾಗಿ ಮೂವತ್ತು ಪದ ಸಿಗುತ್ತವೆ. ರಿಸರ್ವ್ಡ್, ರೆಟಿಸೆಂಟ್, ಟ್ಯಾಸಿಟರ್ನ್, ಅಲೂಫ್, ಸ್ಟೋಯಿಕ್, ಸ್ಟಾಲಿಡ್, ಇಂಪ್ಯಾಸಿವ್, ಡಿಟ್ಯಾಚ್ಡ್... ಸಮಾನಾರ್ಥಕ ಪದಕೋಶದಲ್ಲಿ ಇವೆಲ್ಲ ಒಂದೇ ಬುಟ್ಟಿಯಲ್ಲಿರುತ್ತವೆ. ಇಂಥ ಕೋಶಗಳಿಗೆಲ್ಲ ಮಾದರಿಯಾದದ್ದು ಪೀಟರ್ ಮಾರ್ಕ್ ರಾಜೆಟ್ ಎಂಬ ವೈದ್ಯ 1852ರಲ್ಲಿ ಹೊರತಂದ ಥಿಸಾರಸ್. ಅವನು ಪದಗಳನ್ನು ಅಕ್ಷರಕ್ರಮ ಬಿಟ್ಟು ವಿಚಾರದ ಪ್ರಕಾರ ಗುಂಪು ಮಾಡಿದ. ಮರೆತ ಪದ ನೆನಪಿಸಿಕೊಳ್ಳಲು ಅದು ಬಹಳ ಒಳ್ಳೆಯ ಸಾಧನ. ಗೊತ್ತಿಲ್ಲದ ಪದ ಆರಿಸಲು ಮಾತ್ರ ಅಪಾಯದ ಸಾಧನ, ಯಾಕೆಂದರೆ ಬುಟ್ಟಿಯೊಳಗಿನ ಪದಗಳಿಗೆ ಪರಸ್ಪರ ಏನು ವ್ಯತ್ಯಾಸ ಎಂದು ಅದು ಹೇಳುವುದಿಲ್ಲ. ಆ ವ್ಯತ್ಯಾಸ ಹಿಡಿಯಲು ನಾನು ಈಗ ಬಳಸುವ ಕ್ರಮವನ್ನು ಕೆಳಗೆ ಬರೆದಿದ್ದೇನೆ. ಅನುವಾದ ಮಾಡುವವರಿಗೆ, ಇಂಗ್ಲಿಷಿನಲ್ಲಿ ಪತ್ರವೋ ಕಥೆಯೋ ಬರೆಯುವವರಿಗೆ ಇದು ಕೆಲಸಕ್ಕೆ ಬರಬಹುದು.

ಹಂತ 1: ತಡೆದಿರುವುದು ಏನನ್ನು?

ಮೊದಲು ಕೇಳಬೇಕಾದ ಪ್ರಶ್ನೆ ಇದೇ, ಮತ್ತು ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಮನುಷ್ಯ ಮಾತನ್ನು ತಡೆಯಬಹುದು. ಮಾತಾಡುತ್ತಲೇ ಮುಖದ ಮೇಲೆ ಏನೂ ಕಾಣದಂತೆ ನೋಡಿಕೊಳ್ಳಬಹುದು. ಭಾವನೆಯೇ ಏಳದಂತೆ ಒಳಗೇ ಹಿಡಿದಿರಬಹುದು, ಅಥವಾ ಅವನಲ್ಲಿ ಅದು ಏಳದೇ ಇರಬಹುದು. ಇಲ್ಲವೇ ಇವೆಲ್ಲ ಸರಿಯಾಗಿದ್ದೂ ಜನರನ್ನು ಹತ್ತಿರ ಸೇರಿಸದೆ ಇರಬಹುದು. ನಾಲ್ಕಕ್ಕೂ ಬೇರೆ ಬೇರೆ ಪದಗಳಿವೆ.

ಮಾತಿನ ಬಾಗಿಲು

ರೆಟಿಸೆಂಟ್ ಮತ್ತು ಟ್ಯಾಸಿಟರ್ನ್ ಒಂದೇ ಬೇರಿನ ಅಕ್ಕತಂಗಿಯರು. ಎರಡರಲ್ಲೂ ‘ಸುಮ್ಮನಿರು’ ಎಂಬ ಅರ್ಥದ ಲ್ಯಾಟಿನ್ ಧಾತು ಟಸೇರೆ ಇದೆ. ಆದರೆ ಬೆಳೆದ ದಾರಿ ಬೇರೆ. ಟ್ಯಾಸಿಟರ್ನ್ ಅನ್ನುವುದು ಸ್ವಭಾವ. ಈ ಮನುಷ್ಯ ಹವಾಮಾನದ ಬಗ್ಗೆಯೂ ಎರಡು ಮಾತು ಜಾಸ್ತಿ ಆಡುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ಸ್ವಲ್ಪ ಇರುಸುಮುರುಸು. ನಮ್ಮ ‘ಮಗುಮ್ಮಾಗಿರುವವನು’ ಇದಕ್ಕೆ ಹತ್ತಿರ. ರೆಟಿಸೆಂಟ್ ಆದವನು ಹಾಗಲ್ಲ. ಕ್ರಿಕೆಟ್ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ, ತನ್ನ ಮದುವೆಯ ವಿಷಯ ಬಂದರೆ ಮಾತ್ರ ತುಟಿ ಬಿಚ್ಚುವುದಿಲ್ಲ. ಹಾಗಾಗಿಯೇ ರೆಟಿಸೆಂಟ್ ಪಕ್ಕದಲ್ಲಿ ಹೆಚ್ಚಾಗಿ ‘ಅಬೌಟ್’ ಬರುತ್ತದೆ. ಯಾವುದೋ ಒಂದು ವಿಷಯದ ‘ಬಗ್ಗೆ’ ರೆಟಿಸೆಂಟ್. ಟ್ಯಾಸಿಟರ್ನ್‌ಗೆ ಆ ‘ಬಗ್ಗೆ’ ಬೇಕಿಲ್ಲ, ಅವನು ಎಲ್ಲದರ ಬಗ್ಗೆಯೂ ಹಾಗೆಯೇ.

ಅಮೆರಿಕದ ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್ (1923ರಿಂದ 1929) ಎಷ್ಟು ಕಡಿಮೆ ಮಾತಾಡುತ್ತಿದ್ದನೆಂದರೆ ಜನ ಅವನನ್ನು ‘ಸೈಲೆಂಟ್ ಕ್ಯಾಲ್’ ಎಂದೇ ಕರೆದರು. ಅವನು ಟ್ಯಾಸಿಟರ್ನ್. ಬಾಯಿ ತೆರೆದಾಗಲೆಲ್ಲ ಚುಟುಕಾಗಿ ಕುಟುಕುತ್ತಿದ್ದ ಎಂಬ ಕಾರಣಕ್ಕೆ ಅವನನ್ನು ಲಕಾನಿಕ್ ಅಂತಲೂ ಅನ್ನಬಹುದು.

ಲಕಾನಿಕ್ ನನಗೆ ಬಹಳ ಇಷ್ಟದ ಪದ. ಗ್ರೀಸಿನ ಸ್ಪಾರ್ಟಾ ಇದ್ದ ಪ್ರದೇಶದ ಹೆಸರು ಲಕೋನಿಯಾ, ಪದ ಹುಟ್ಟಿದ್ದು ಅದರಿಂದ. ಮ್ಯಾಸಿಡೋನಿಯಾದ ದೊರೆ ಎರಡನೇ ಫಿಲಿಪ್ “ನಾನೇನಾದರೂ ನಿಮ್ಮ ನಾಡಿಗೆ ನುಗ್ಗಿದರೆ ನಿಮ್ಮನ್ನು ಓಡಿಸಿಬಿಡುತ್ತೇನೆ” ಎಂದು ಬೆದರಿಕೆ ಕಳಿಸಿದನಂತೆ. ಸ್ಪಾರ್ಟಾದವರು ಒಂದೇ ಪದದ ಉತ್ತರ ಬರೆದರು: “ನುಗ್ಗಿದರೆ.” ಇದು ಹಳೆಯ ಗ್ರೀಕ್ ಲೇಖಕ ಪ್ಲೂಟಾರ್ಕ್ ಹೇಳುವ ಕಥೆ. ಗಮನಿಸಿ, ಇಲ್ಲಿ ಮಾತು ಕಡಿಮೆ ನಿಜ, ಆದರೆ ಹಿಂಜರಿಕೆ ಇಲ್ಲ, ಗುಟ್ಟೂ ಇಲ್ಲ. ಲಕಾನಿಕ್ ಅನ್ನುವುದು ಮಾತಿನ ಶೈಲಿ. ಭಾವನೆ ಮುಚ್ಚಿಡುವವನಿಗೆ ಅದನ್ನು ಅಂಟಿಸಿದರೆ ಪದ ಜಾರುತ್ತದೆ. ಲಕಾನಿಕ್ ಉತ್ತರ, ಲಕಾನಿಕ್ ಟಿಪ್ಪಣಿ ಅನ್ನಬಹುದು. ಲಕಾನಿಕ್ ದುಃಖ ಅಂದರೆ ಓದುವವರು ತಲೆ ಕೆರೆದುಕೊಳ್ಳುತ್ತಾರೆ.

ರಿಸರ್ವ್ಡ್ ಇವೆಲ್ಲಕ್ಕಿಂತ ಅಗಲವಾದ ಪದ. ಮಾತೂ ಮಿತ, ಭಾವನೆಯೂ ಮಿತ, ಆದರೆ ಎರಡೂ ಇವೆ. ಕಾಯ್ದಿರಿಸಿದ ಸೀಟಿಗೂ ಇದೇ ಪದ ಬಳಸುತ್ತೇವಲ್ಲ, ಆ ಅರ್ಥವನ್ನೇ ನೆನಪಿಟ್ಟುಕೊಳ್ಳಿ. ಭಾವನೆಯನ್ನು ಯಾರಿಗೋ ಎತ್ತಿಟ್ಟಿದ್ದಾನೆ, ಎಲ್ಲರಿಗೂ ಹಂಚುತ್ತಿಲ್ಲ. ಯಾವ ಪದ ಬಳಸಬೇಕೋ ಗೊತ್ತಾಗದಿದ್ದರೆ ಇದನ್ನು ಬಳಸಿ, ಯಾರಿಗೂ ನೋವಾಗುವುದಿಲ್ಲ.

ಮುಖದ ಬಾಗಿಲು

ಇಲ್ಲಿ ಇಂಪ್ಯಾಸಿವ್ ಮುಖ್ಯ. ಮುಖದಲ್ಲಿ ಏನೂ ಓಡಾಡುತ್ತಿಲ್ಲ, ಒಳಗೇನಿದೆ ಎಂದು ಈ ಪದ ಹೇಳುವುದೇ ಇಲ್ಲ. ತೀರ್ಪು ಕೇಳುತ್ತಾ ಕಟಕಟೆಯಲ್ಲಿ ನಿಂತ ಆರೋಪಿಯ ಬಗ್ಗೆ ವರದಿಗಾರರು ಇದನ್ನು ಬಳಸುತ್ತಾರೆ. ಅವರಿಗೆ ಕಂಡದ್ದು ಮುಖ ಮಾತ್ರ, ಹಾಗಾಗಿ ಪದ ಸರಿಯಾಗಿದೆ. ಅದೇ ಆರೋಪಿಯನ್ನು ಅನ್‌ಫೀಲಿಂಗ್ ಎಂದರೆ ವರದಿಗಾರ ಮನಸ್ಸಿನೊಳಗೂ ಹೋಗಿಬಂದ ಹಾಗಾಯಿತು.

ಪೋಕರ್ ಫೇಸ್‌ನಲ್ಲಿ ಉದ್ದೇಶ ಇದೆ. ಇಸ್ಪೀಟಿನಾಟದಲ್ಲಿ ಕೈಯಲ್ಲಿರುವ ಎಲೆ ಗೊತ್ತಾಗದ ಹಾಗೆ ಮುಖ ಕಟ್ಟಿಕೊಳ್ಳುವುದು. ಡೆಡ್‌ಪ್ಯಾನ್ ಇನ್ನೂ ಮಜವಾಗಿದೆ. ‘ಪ್ಯಾನ್’ ಅಂದರೆ ಆಡುಮಾತಿನಲ್ಲಿ ಮುಖ. ನಗಿಸುವ ಮಾತನ್ನು ನಗದೆ ಹೇಳುವವನು ಡೆಡ್‌ಪ್ಯಾನ್. ಮೂಕಿ ಚಿತ್ರಗಳ ನಟ ಬಸ್ಟರ್ ಕೀಟನ್‌ಗೆ ‘ಗ್ರೇಟ್ ಸ್ಟೋನ್ ಫೇಸ್’ ಎಂಬ ಅಡ್ಡಹೆಸರೇ ಇತ್ತು. ಮನೆ ಕುಸಿದು ಬೀಳುತ್ತಿದ್ದರೂ ಅವನ ಮುಖ ಮಿಸುಕುತ್ತಿರಲಿಲ್ಲ, ನೋಡುವವರು ಬಿದ್ದು ಬಿದ್ದು ನಗುತ್ತಿದ್ದರು. ಹಾಗಾಗಿ ಸಾವಿನ ಮನೆಯಲ್ಲಿ ಮುಖ ಕಲ್ಲಾಗಿ ಕೂತವರಿಗೆ ಡೆಡ್‌ಪ್ಯಾನ್ ಅನ್ನಬೇಡಿ, ಅದರಲ್ಲಿ ತಮಾಷೆಯ ವಾಸನೆ ಇದೆ.

ಅನ್‌ಡಿಮಾನ್‌ಸ್ಟ್ರೇಟಿವ್ ಉದ್ದವಾದ, ನೀರಸವಾದ ಪದ, ಆದರೆ ಬಹಳ ನಿಖರ. ಪ್ರೀತಿ ಇದೆ, ಅಪ್ಪಿಕೊಳ್ಳುವುದಿಲ್ಲ ಅಷ್ಟೆ. ನಮ್ಮ ಹಿಂದಿನ ತಲೆಮಾರಿನ ಅನೇಕ ಅಪ್ಪಂದಿರ ಬಗ್ಗೆ ಬರೆಯುವಾಗ ಕೋಲ್ಡ್ ಎಂದು ಬರೆದು ಅನ್ಯಾಯ ಮಾಡುವ ಬದಲು ಇದನ್ನು ಬಳಸಬಹುದು.

ಇನ್‌ಸ್ಕ್ರೂಟಬಲ್ ಬಗ್ಗೆ ಒಂದು ಎಚ್ಚರಿಕೆ. ‘ಓದಲಾಗದ ಮುಖ’ ಎಂಬ ಅರ್ಥ ಚೆನ್ನಾಗಿಯೇ ಇದೆ. ಆದರೆ ಪಾಶ್ಚಾತ್ಯ ಬರಹಗಳು ಪೂರ್ವ ಏಷ್ಯಾದ ಜನರನ್ನೆಲ್ಲ ಒಂದೇ ಏಟಿಗೆ ಹೀಗೆ ಕರೆದ ಹಳೆಯ ಚಾಳಿ ಇದೆ. ಚೀನೀಯರ, ಜಪಾನೀಯರ ಬಗ್ಗೆ ಈ ಪದ ಬಳಸಿದರೆ ಓದುಗರಿಗೆ ಆ ಚಾಳಿಯೇ ನೆನಪಾಗುತ್ತದೆ.

ಒಳಮನೆ

ಭಾವನೆಯೇ ಏಳುತ್ತಿಲ್ಲ ಅಥವಾ ಎದ್ದರೂ ಆಳುತ್ತಿಲ್ಲ ಎನ್ನುವುದಕ್ಕೆ ಇಲ್ಲಿನ ಪದಗಳು. ಎಲ್ಲಕ್ಕಿಂತ ಜಾಸ್ತಿ ಗೊಂದಲ ಇರುವುದೂ ಇಲ್ಲೇ.

ಸ್ಟೋಯಿಕ್. ಸೈಪ್ರಸ್ ದ್ವೀಪದ ಕಿಟಿಯಂ ಊರಿನ ಜೀನೋ ಕ್ರಿ.ಪೂ. 300ರ ಸುಮಾರಿಗೆ ಅಥೆನ್ಸಿನಲ್ಲಿ ಪಾಠ ಹೇಳುತ್ತಿದ್ದ. ಜಾಗ, ಚಿತ್ರ ಬಿಡಿಸಿದ ಒಂದು ಕಂಬಸಾಲಿನ ಪಡಸಾಲೆ. ಅದರ ಹೆಸರು ಸ್ಟೋವಾ ಪೊಯಿಕಿಲೆ. ಪಡಸಾಲೆಯವರು ಎಂಬುದೇ ಸ್ಟೋಯಿಕ್. ಮುಂದೆ ಈ ಪಂಥದಲ್ಲಿ ಗುಲಾಮನಾಗಿ ಹುಟ್ಟಿದ ಎಪಿಕ್ಟೆಟಸ್ ಇದ್ದ, ರೋಮಿನ ಚಕ್ರವರ್ತಿ ಮಾರ್ಕಸ್ ಆರೇಲಿಯಸ್ ಕೂಡ ಇದ್ದ. ತನ್ನ ಕೈಯಲ್ಲಿಲ್ಲದ್ದಕ್ಕೆ ಕೊರಗಬೇಡ, ಇರುವುದನ್ನು ಸರಿಯಾಗಿ ಮಾಡು ಎಂಬುದು ಅವರ ಪಾಠದ ತಿರುಳು. ಇವತ್ತಿನ ಇಂಗ್ಲಿಷಿನಲ್ಲಿ ಸ್ಟೋಯಿಕ್ ಅಂದರೆ ನೋವನ್ನು ನುಂಗಿಕೊಂಡು ಗೊಣಗದವರು. ಇಲ್ಲಿ ನೋವು ಇರಲೇಬೇಕು. ನೋವೇ ಇಲ್ಲದವನು ಸ್ಟೋಯಿಕ್ ಆಗಲಾರ. ಬೇಸರದ ಮೀಟಿಂಗಿನಲ್ಲಿ ಸುಮ್ನೆ ಕೂತವನನ್ನು ಸ್ಟೋಯಿಕ್ ಅಂದರೆ ಅದು ತಮಾಷೆ. ಮುರಿದ ಕಾಲಿನಲ್ಲೇ ಗುಡ್ಡ ಇಳಿದವನನ್ನು ಅಂದರೆ ಗೌರವ.

ಒಂದು ವಿಚಿತ್ರ ನೋಡಿ. ಸ್ಟೋಯಿಕರು ಸಾಧಿಸಬೇಕೆಂದಿದ್ದ ಸ್ಥಿತಿಯ ಹೆಸರು ಅಪಥೇಯಾ. ರಾಗದ್ವೇಷಗಳು ಕಾಡದ ಮನಸ್ಸು. ನಮ್ಮ ‘ಸ್ಥಿತಪ್ರಜ್ಞ’ ನೆನಪಾಗುತ್ತದೆ, ಅಲ್ವಾ? ಅದೇ ಪದ ಇಂಗ್ಲಿಷಿಗೆ ಬಂದು ಅಪಥಿ ಆಯಿತು, ಯಾವುದಕ್ಕೂ ಮನಸ್ಸಿಲ್ಲದ ಜಡತನ ಎಂಬ ಅರ್ಥಕ್ಕೆ ಇಳಿಯಿತು. ಸಾಧಕನ ಶಿಖರ ಸೋಮಾರಿಯ ಹಾಸಿಗೆಯಾಯಿತು. ಹೀಗಾಗಿ ಸ್ಥಿತಪ್ರಜ್ಞನನ್ನು ಅಪಥೆಟಿಕ್ ಎಂದು ಅನುವಾದಿಸಿದರೆ ಬೇರು ಸರಿ, ಅರ್ಥ ಪೂರ್ತಿ ತಲೆಕೆಳಗು.

ಫ್ಲೆಗ್ಮ್ಯಾಟಿಕ್ ಬೇರೆ ಮನೆಯದು. ಹಳೆಯ ಗ್ರೀಕ್ ವೈದ್ಯರ ಪ್ರಕಾರ ದೇಹದಲ್ಲಿ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳು. ಕಫ ಜಾಸ್ತಿ ಇದ್ದವನು ತಣ್ಣಗೆ, ನಿಧಾನ. ವಾತ, ಪಿತ್ತ, ಕಫ ಗೊತ್ತಿರುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಸ್ಟೋಯಿಕ್ ಆದವನು ತಡೆದುಕೊಳ್ಳುತ್ತಾನೆ, ಫ್ಲೆಗ್ಮ್ಯಾಟಿಕ್ ಆದವನಿಗೆ ತಡೆದುಕೊಳ್ಳಲು ಅಂಥದ್ದೇನೂ ಏಳುವುದೇ ಇಲ್ಲ. ಸ್ವಭಾವತಃ ನೆಮ್ಮದಿಯ ಆಸಾಮಿ.

ಸ್ಟಾಲಿಡ್‌ನ ಲ್ಯಾಟಿನ್ ಮೂಲದ ಅರ್ಥವೇ ‘ಮಂದ, ದಡ್ಡ’. ಈಗ ಅಷ್ಟು ಕಟುವಾಗಿಲ್ಲದಿದ್ದರೂ ಆ ನೆರಳು ಹೋಗಿಲ್ಲ. ಭಾವನೆ ಇಲ್ಲದ್ದಷ್ಟೇ ಸಾಲದೆಂದು ಬುದ್ಧಿಯೂ ಚುರುಕಿಲ್ಲ ಎಂದು ಪಿಸುಗುಟ್ಟುವ ಪದ. ‘ಎಮ್ಮೆ ಮೇಲೆ ಮಳೆ ಸುರಿದ ಹಾಗೆ’ ಅನ್ನುತ್ತೇವಲ್ಲ, ಆ ಎಮ್ಮೆ ಸ್ಟಾಲಿಡ್. ಸ್ಟಾಲಿಡ್ ಮತ್ತು ಸ್ಟೋಯಿಕ್ ಕಿವಿಗೆ ಹತ್ತಿರ ಕೇಳಿಸುತ್ತವೆ, ಅದಕ್ಕೇ ಅದಲುಬದಲಾಗುತ್ತವೆ. ಹೊಗಳಬೇಕಾದ ಕಡೆ ಎಮ್ಮೆಯನ್ನು ತರಬೇಡಿ.

ಇದೇ ಸಾಲಿನಲ್ಲಿ ಪೂರ್ತಿ ಹೊಗಳಿಕೆಯ ಪದಗಳೂ ಇವೆ. ಕಂಪೋಸ್ಡ್ ಆದವನು ತನ್ನನ್ನು ತಾನು ಜೋಡಿಸಿಟ್ಟುಕೊಂಡಿದ್ದಾನೆ. ಅನ್‌ಫ್ಲ್ಯಾಪಬಲ್ ಆದವನು ಯಾವ ಗಡಿಬಿಡಿಗೂ ಜಗ್ಗುವುದಿಲ್ಲ. 1957ರಿಂದ 1963ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ಹೆರಾಲ್ಡ್ ಮ್ಯಾಕ್‌ಮಿಲನ್‌ಗೆ ಈ ಪದ ಬಿರುದಿನ ಹಾಗೆ ಅಂಟಿಕೊಂಡಿತ್ತು.

ನಂಟಿನ ಬಾಗಿಲು

ಅಲೂಫ್ ಹಡಗಿನಿಂದ ಬಂದ ಪದ. ಗಾಳಿ ಹಡಗನ್ನು ದಡದತ್ತ ನೂಕುತ್ತಿರುವಾಗ ಬಂಡೆಗೆ ಬಡಿಯದ ಹಾಗೆ ಹಡಗಿನ ಮೂತಿಯನ್ನು ಗಾಳಿ ಬರುತ್ತಿರುವ ಕಡೆಗೆ ತಿರುಗಿಸಿ ದೂರ ಉಳಿಯುವುದು. ಮನುಷ್ಯರ ವಿಷಯದಲ್ಲೂ ಅದೇ ಚಿತ್ರ: ಬೇಕೆಂದೇ ದೂರ. ಸ್ವಲ್ಪ ‘ನಾನು ನಿಮ್ಮಂಥವನಲ್ಲ’ ಎಂಬ ಬಿಂಕದ ಗುಮಾನಿಯೂ ಇದೆ. ಸ್ಟ್ಯಾಂಡಾಫಿಶ್ ಅದಕ್ಕಿಂತ ಒರಟು, ಆಡುಮಾತಿಗೆ ಹತ್ತಿರ. ನಮ್ಮ ‘ಬಿಗುಮಾನ’ ಈ ಎರಡರ ನಡುವೆ ಎಲ್ಲೋ ಬರುತ್ತದೆ.

ಡಿಸ್ಟಂಟ್‌ನಲ್ಲಿ ಬಿಂಕವಿಲ್ಲ, ಗಮನ ಬೇರೆಲ್ಲೋ ಇದೆ. ವಿತ್‌ಡ್ರಾನ್ ಅಂದರೆ ಮೊದಲು ಬೆರೆಯುತ್ತಿದ್ದು ಈಗ ಚಿಪ್ಪಿನೊಳಗೆ ಸರಿದವರು. ಕೇಳಿದವರಿಗೆ ‘ಏನಾಯಿತು ಪಾಪ’ ಅನಿಸಬೇಕು. ಮಗುವಿನ ಬಗ್ಗೆ ಶಿಕ್ಷಕರು ವಿತ್‌ಡ್ರಾನ್ ಎಂದು ಬರೆದರೆ ಹೆತ್ತವರು ಚಿಂತೆ ಮಾಡುತ್ತಾರೆ, ರಿಸರ್ವ್ಡ್ ಎಂದು ಬರೆದರೆ ನಿಶ್ಚಿಂತೆಯಿಂದ ಇರುತ್ತಾರೆ.

ಡಿಟ್ಯಾಚ್ಡ್‌ಗೆ ಎರಡು ಮುಖ. ತೀರ್ಪು ಕೊಡುವವರು, ಶಸ್ತ್ರಚಿಕಿತ್ಸಕರು ಡಿಟ್ಯಾಚ್ಡ್ ಆಗಿರಬೇಕು, ಅದು ಗುಣ. ಅಪ್ಪನೋ ಗಂಡನೋ ಡಿಟ್ಯಾಚ್ಡ್ ಆದರೆ ಅದು ದೂರು. ನಿರ್ಲಿಪ್ತನಿಗೆ ನಿಘಂಟುಗಳು ಕೊಡುವ ಪದಗಳಲ್ಲಿ ಇದೇ ವಾಸಿ, ಆದರೂ ಪೂರ್ತಿ ಕೂರುವುದಿಲ್ಲ. ನಿರ್ಲಿಪ್ತ ಎಂದರೆ ಲೇಪ ಹತ್ತದವನು, ತಾವರೆ ಎಲೆಯ ಮೇಲಿನ ನೀರಿನಂತೆ ಒಳಗೇ ಇದ್ದೂ ಅಂಟದವನು. ಡಿಟ್ಯಾಚ್ಡ್ ಎಂದರೆ ಕಳಚಿಕೊಂಡವನು. ನಮ್ಮದರಲ್ಲಿ ಸಂಪರ್ಕ ಇದೆ, ಅವರದರಲ್ಲಿ ಅದು ಕಡಿದುಹೋಗಿದೆ.

ಹಂತ 2: ತಡೆದದ್ದು ಏಕೆ?

ಏನನ್ನು ಎಂಬುದು ಗೊತ್ತಾದ ಮೇಲೆ ಕಾರಣ ಕೇಳಿ. ಇಬ್ಬರು ಒಂದು ಕೋಣೆಯಲ್ಲಿ ಒಂದೇ ರೀತಿ ಸುಮ್ಮನೆ ಕೂತಿರಬಹುದು. ಒಬ್ಬಳಿಗೆ ಜನರೆಂದರೆ ಸಂಕೋಚ: ಶೈ. ಇನ್ನೊಬ್ಬಳಿಗೆ ತನ್ನ ಅಭಿಪ್ರಾಯಕ್ಕೆ ಬೆಲೆ ಇದೆಯೋ ಇಲ್ಲವೋ ಎಂಬ ಅನುಮಾನ: ಡಿಫಿಡೆಂಟ್. ಡಿಫಿಡೆಂಟ್‌ನ ಮೂಲ ಲ್ಯಾಟಿನ್ನಿನಲ್ಲಿ ‘ನಂಬದಿರು’. ಕಾನ್ಫಿಡೆಂಟ್‌ನಲ್ಲಿರುವ ನಂಬಿಕೆಯ ಬೇರೇ ಇಲ್ಲಿ ತಲೆಕೆಳಗಾಗಿದೆ. ಮೊದಲು ಬೇರೆಯವರನ್ನು ನಂಬದವರಿಗೆ ಈ ಪದವಿತ್ತು, ಕಾಲಕ್ರಮೇಣ ತನ್ನನ್ನೇ ನಂಬದವರಿಗೆ ಬಂತು.

ಬೇರೆಯವರನ್ನು ನಂಬದವರಿಗೆ ಈಗ ಗಾರ್ಡೆಡ್ ಇದೆ. ಕಾವಲು ನಿಲ್ಲಿಸಿಕೊಂಡವರು. ಹಿಂದೆ ಎಲ್ಲೋ ಪೆಟ್ಟು ತಿಂದಿರಬಹುದು, ಅಥವಾ ಎದುರಿಗೆ ಪತ್ರಕರ್ತರು ಕೂತಿರಬಹುದು. ಇನ್‌ಹಿಬಿಟೆಡ್ ಆದವರಿಗೆ ಹೊರಬರುವ ಆಸೆ ಇದೆ, ಒಳಗಿನ ಅಡ್ಡಿ ಬಿಡುವುದಿಲ್ಲ. ಕುಣಿಯುವವರ ನಡುವೆ ಕಾಲು ತಾಳ ಹಾಕುತ್ತಿದ್ದರೂ ಎದ್ದು ನಿಲ್ಲಲಾರದವರು ನೆನಪಾಗುತ್ತಾರೆ. ರಿಸ್ಟ್ರೇನ್ಡ್ ಆದವರು ತಾವಾಗಿಯೇ, ತಿಳಿದೇ, ಹಗ್ಗ ಎಳೆದು ಹಿಡಿದಿದ್ದಾರೆ. ಇದರಲ್ಲಿ ಸಂಯಮದ ಮರ್ಯಾದೆ ಇದೆ.

ರಿಪ್ರೆಸ್ಡ್ ಬಳಸುವ ಮುನ್ನ ಎರಡು ಸಲ ಯೋಚಿಸಿ. ಮನೋವಿಶ್ಲೇಷಣೆಯ ಹರಿಕಾರ ಫ್ರಾಯ್ಡ್ ಪ್ರಭಾವದಿಂದ ಅದಕ್ಕೆ ಮನಶ್ಶಾಸ್ತ್ರದ ತೂಕ ಬಂದಿದೆ. ತನಗೇ ಗೊತ್ತಿಲ್ಲದಂತೆ ಭಾವನೆಯನ್ನು ಅದುಮುವುದು ರಿಪ್ರೆಸ್, ಗೊತ್ತಿದ್ದೇ ಅದುಮುವುದು ಸಪ್ರೆಸ್. ನಗುವನ್ನು, ಆಕಳಿಕೆಯನ್ನು ಸಪ್ರೆಸ್ ಮಾಡುತ್ತೇವೆ. ಪರಿಚಯದವರೊಬ್ಬರನ್ನು ರಿಪ್ರೆಸ್ಡ್ ಎಂದು ಕರೆಯುವುದೆಂದರೆ ಕೇಳದೆಯೇ ರೋಗ ಪತ್ತೆ ಮಾಡಿದ ಹಾಗೆ. ಇಂಟ್ರೊವರ್ಟ್ ಕೂಡ ಹೀಗೆಯೇ ಮನಶ್ಶಾಸ್ತ್ರದಿಂದ ಬೀದಿಗೆ ಬಂದದ್ದು. ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ಕೃತಿಯಿಂದ ಅದು ಹೆಸರಾಯಿತು. ಒಳಮುಖದ ಮನಸ್ಸು ಎಂಬುದು ಅದರ ತಿರುಳು. ಇಂಟ್ರೊವರ್ಟ್ ಆದವರೆಲ್ಲ ಭಾವನೆ ಮುಚ್ಚಿಡುತ್ತಾರೆ ಎಂದೇನಿಲ್ಲ. ಆಪ್ತರ ಮುಂದೆ ಕಣ್ಣೀರು ಹಾಕುವ, ಜಗಳವಾಡುವ ಇಂಟ್ರೊವರ್ಟ್‌ಗಳು ಬೇಕಾದಷ್ಟು ಜನ ಇದ್ದಾರೆ.

ಹಂತ 3: ಹೇಳುತ್ತಿರುವುದು ಯಾರು?

ತತ್ವಜ್ಞಾನಿ ಬರ್ಟ್ರಂಡ್ ರಸೆಲ್ 1948ರಲ್ಲಿ ಬಿಬಿಸಿ ರೇಡಿಯೊದಲ್ಲಿ ಒಂದು ಆಟ ಹೇಳಿದ. ವ್ಯಾಕರಣದ ಪಾಠದಲ್ಲಿ ನಾನು, ನೀನು, ಅವನು ಎಂದು ಕ್ರಿಯಾಪದ ಬದಲಾಯಿಸುತ್ತೇವಲ್ಲ, ಹಾಗೆ ಗುಣವಾಚಕವನ್ನು ಬದಲಾಯಿಸುವುದು. ನಾನು ದೃಢ, ನೀನು ಹಟಮಾರಿ, ಅವನು ಮೊಂಡು ಬಿದ್ದ ಮೂರ್ಖ. ಗುಣ ಒಂದೇ, ನೋಡುವ ಕಣ್ಣು ದೂರವಾದಂತೆ ಪದ ಕೆಡುತ್ತದೆ.

ನಮ್ಮ ಪದಗಳಿಗೂ ಇದನ್ನು ಹಚ್ಚಿ. ನಾನು ರಿಸರ್ವ್ಡ್. ನೀವು ಸ್ವಲ್ಪ ಅಲೂಫ್. ಅವಳು ಕೋಲ್ಡ್ ಫಿಶ್. ನಾನು ಸ್ಟೋಯಿಕ್, ನೀವು ಇಂಪ್ಯಾಸಿವ್, ಅವನು ಸ್ಟಾಲಿಡ್. ನಾನು ಡಿಸ್ಪ್ಯಾಷನೇಟ್ ಆಗಿ ಯೋಚಿಸುತ್ತೇನೆ, ನಿಮಗೆ ಆಸಕ್ತಿಯಿಲ್ಲ, ಅವರಿಗೆ ಹೃದಯವೇ ಇಲ್ಲ.

ನಾನು ಕಥೆ ಅನುವಾದ ಮಾಡುವಾಗ ಇದನ್ನು ದಿನವೂ ಬಳಸುತ್ತೇನೆ. ಸೊಸೆಯ ಬಗ್ಗೆ ಅತ್ತೆ ಮಾತಾಡುತ್ತಿದ್ದರೆ ಮೂರನೆಯ, ಅಂದರೆ ‘ಅವಳು’ ಜಾಗದ ಪದ ಬೇಕು. ಸೊಸೆ ತನ್ನ ಬಗ್ಗೆ ಡೈರಿ ಬರೆಯುತ್ತಿದ್ದರೆ ಮೊದಲನೆಯ, ‘ನಾನು’ ಜಾಗದ ಪದ. ನಿರೂಪಕ ಯಾರ ಪಕ್ಷವನ್ನೂ ವಹಿಸದಿದ್ದರೆ ಕಣ್ಣಿಗೆ ಕಂಡದ್ದನ್ನಷ್ಟೇ ಹೇಳುವ ಇಂಪ್ಯಾಸಿವ್, ಕ್ವಯಟ್ ಇಂಥವು. ಇನ್ನೊಂದು ಮಾತು: ಹೆಣ್ಣಿನ ಬಗ್ಗೆ ಫ್ರಿಜಿಡ್ ಎಂಬ ಪದ ಬರೆಯಬೇಡಿ. ಅದಕ್ಕೆ ಹಾಸಿಗೆಮನೆಯ ಅವಮಾನದ ಅರ್ಥ ಅಂಟಿಕೊಂಡಿದೆ. ಹವಾಮಾನಕ್ಕೆ ಬಳಸಿ, ಸಾಕು.

ಹಂತ 4: ಯಾವಾಗಲೂ ಹಾಗೆಯೋ, ಈ ಹೊತ್ತಿಗೋ?

ಟ್ಯಾಸಿಟರ್ನ್, ಫ್ಲೆಗ್ಮ್ಯಾಟಿಕ್, ಅನ್‌ಡಿಮಾನ್‌ಸ್ಟ್ರೇಟಿವ್, ಡಿಫಿಡೆಂಟ್ ಹುಟ್ಟುಗುಣಗಳು. ‘ಇವತ್ತು ಬೆಳಿಗ್ಗೆ ಅವನು ಫ್ಲೆಗ್ಮ್ಯಾಟಿಕ್ ಆಗಿದ್ದ’ ಅಂದರೆ ಒಗ್ಗುವುದಿಲ್ಲ. ಇಂಪ್ಯಾಸಿವ್, ಗಾರ್ಡೆಡ್, ಕಂಪೋಸ್ಡ್, ಡಿಸ್ಟಂಟ್ ಕ್ಷಣಕ್ಕೂ ಸಲ್ಲುತ್ತವೆ, ಬದುಕಿಗೂ ಸಲ್ಲುತ್ತವೆ. ಇದ್ದಕ್ಕಿದ್ದಂತೆ ಬಾಯಿ ಮುಚ್ಚಿಕೊಂಡವನಿಗೆ ಗುಣವಾಚಕ ಹುಡುಕುವ ಬದಲು ‘ಕ್ಲ್ಯಾಮ್ ಅಪ್’ ಎಂಬ ಕ್ರಿಯಾಪದ ಸಿಗುತ್ತದೆ. ಕಪ್ಪೆಚಿಪ್ಪು ಮುಚ್ಚಿಕೊಂಡ ಹಾಗೆ.

ಹಂತ 5: ಅಕ್ಕಪಕ್ಕದ ಪದ ನೋಡಿ

ಪದವನ್ನು ಆರಿಸಿದ ಮೇಲೆ ಅದು ಯಾರ ಪಕ್ಕ ಕೂರುತ್ತದೆ ಎಂದು ನೋಡಬೇಕು. ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಎಂಬ ಸಂಗ್ರಹದಲ್ಲಿ 10 ಕೋಟಿ ಪದಗಳಷ್ಟು ಇಂಗ್ಲಿಷ್ ಬರಹ ಮತ್ತು ಮಾತು ಇದೆ. ಇಂಥ ಸಂಗ್ರಹಗಳಲ್ಲಿ ಪದ ಹಾಕಿ ಹುಡುಕಿದರೆ ಅದು ನಿಜವಾಗಿ ಬಳಕೆಯಾದ ಸಾಲುಗಳು ಸಿಗುತ್ತವೆ. ಇಪ್ಪತ್ತು ಸಾಲು ಓದಿ. ಹತ್ತು ನಿಘಂಟು ಹೇಳದ್ದು ಗೊತ್ತಾಗುತ್ತದೆ.

ಕಾರ್ಪಸ್ ಕೈಗೆ ಸಿಗದಿದ್ದರೆ ‘ಆದರೆ’ ಪರೀಕ್ಷೆ ಮಾಡಿ. ನಾನು ಇದನ್ನೇ ಜಾಸ್ತಿ ನಂಬುತ್ತೇನೆ. ಪದದ ಮುಂದೆ ‘ಆದರೆ’ ಇಟ್ಟು ವಾಕ್ಯ ಮುಗಿಸಲು ನೋಡುವುದು. ‘ಅವನು ರಿಸರ್ವ್ಡ್, ಆದರೆ ಪ್ರೀತಿಯ ಮನುಷ್ಯ’. ಸರಾಗ. ‘ಅವನು ಸ್ಟೋಯಿಕ್, ಆದರೆ ನೋವು ತಡೆದುಕೊಳ್ಳಬಲ್ಲ’. ಇಲ್ಲಿ ‘ಆದರೆ’ ಅಸಂಬದ್ಧ, ಯಾಕೆಂದರೆ ನೋವು ತಡೆಯುವುದು ಪದದೊಳಗೇ ಇದೆ. ‘ಅವನು ಇಂಡಿಫರೆಂಟ್, ಆದರೆ ಒಳಗೊಳಗೇ ಕೊರಗುತ್ತಾನೆ’. ಇಲ್ಲಿ ವಾಕ್ಯ ತನ್ನನ್ನೇ ಸುಳ್ಳು ಮಾಡಿಕೊಂಡಿತು. ಕೊರಗುವವನು ಇಂಡಿಫರೆಂಟ್ ಆಗಿರಲು ಸಾಧ್ಯವಿಲ್ಲ, ಇಂಡಿಫರೆಂಟ್‌ನಂತೆ ‘ಕಾಣಬಹುದು’ ಅಷ್ಟೆ. ಹೀಗೆ ಪದದ ಬೇಲಿ ಎಲ್ಲಿದೆ ಎಂದು ಎಡವಿಯೇ ಗೊತ್ತಾಗುತ್ತದೆ.

ಹಂತ 6: ಅವಳಿಗಳ ಬಲೆ

ಕೆಲವು ಜೋಡಿಗಳನ್ನು ಬೇರೆಯಾಗಿಯೇ ಕಲಿತುಬಿಡುವುದು ಒಳ್ಳೆಯದು.

ಪ್ಯಾಸಿವ್ ಮತ್ತು ಇಂಪ್ಯಾಸಿವ್ ವಿರುದ್ಧ ಪದಗಳ ಹಾಗೆ ಕಾಣುತ್ತವೆ, ಅಲ್ಲ. ಪ್ಯಾಸಿವ್ ಆದವನು ಏನೂ ಮಾಡುವುದಿಲ್ಲ, ಇಂಪ್ಯಾಸಿವ್ ಆದವನು ಏನೂ ತೋರಿಸುವುದಿಲ್ಲ. ಒಬ್ಬ ಮನುಷ್ಯ ಎರಡೂ ಆಗಿರಬಹುದು.

ರೆಟಿಸೆಂಟ್ ಬಳಸಬೇಕಾದಲ್ಲಿ ರಿಲಕ್ಟಂಟ್, ರಿಲಕ್ಟಂಟ್ ಬಳಸಬೇಕಾದಲ್ಲಿ ರೆಟಿಸೆಂಟ್ ನುಗ್ಗುತ್ತದೆ. ಮಾತಾಡಲು ಹಿಂಜರಿದರೆ ರೆಟಿಸೆಂಟ್, ಕೆಲಸ ಮಾಡಲು ಹಿಂಜರಿದರೆ ರಿಲಕ್ಟಂಟ್. ‘ಹಣ ಹೂಡಲು ರೆಟಿಸೆಂಟ್’ ಎಂದು ಇಂಗ್ಲಿಷ್ ಮನೆಮಾತಿನವರೇ ಬರೆಯುತ್ತಾರೆ, ನಿಘಂಟುಗಳೂ ಅದನ್ನು ದಾಖಲಿಸಿವೆ. ಆದರೂ ಹುಬ್ಬು ಗಂಟಿಕ್ಕುವ ಓದುಗರು ಇದ್ದೇ ಇರುತ್ತಾರೆ. ನಾನಂತೂ ಆ ಬಳಕೆ ಬೇಡ ಎನ್ನುವ ಗುಂಪಿನವನು.

ಸಾಂಫ್ರಾ ಎಂಬುದು ಫ್ರೆಂಚಿನಿಂದ ಬಂದ ಪದ, ಅಕ್ಷರಶಃ ‘ತಣ್ಣನೆಯ ರಕ್ತ’. ಕೋಲ್ಡ್ ಬ್ಲಡೆಡ್ ಎಂದರೂ ಅದೇ. ಆದರೆ ಬಾಂಬು ನಿಷ್ಕ್ರಿಯಗೊಳಿಸುವವನದು ಸಾಂಫ್ರಾ, ಅದನ್ನು ಇಟ್ಟವನು ಕೋಲ್ಡ್ ಬ್ಲಡೆಡ್. ಫ್ರೆಂಚಿನಲ್ಲಿ ಹೇಳಿದರೆ ಧೈರ್ಯ, ಇಂಗ್ಲಿಷಿನಲ್ಲಿ ಹೇಳಿದರೆ ಕ್ರೌರ್ಯ! ನಾನ್‌ಶಲಾಂಟ್ ಕೂಡ ಫ್ರೆಂಚಿನದೇ, ಬೇರಿನಲ್ಲಿ ‘ಬಿಸಿಯಾಗದಿರುವುದು’. ಇದರಲ್ಲಿ ಕ್ರೌರ್ಯವಿಲ್ಲ, ಸ್ವಲ್ಪ ಸ್ಟೈಲ್ ಇದೆ. ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತವನ ಭಂಗಿ.

ಡಿಸ್‌ಇಂಟರೆಸ್ಟೆಡ್ ಎಂದರೆ ಸ್ವಾರ್ಥವಿಲ್ಲದವನು, ಅನ್‌ಇಂಟರೆಸ್ಟೆಡ್ ಎಂದರೆ ಆಸಕ್ತಿಯಿಲ್ಲದವನು. ನ್ಯಾಯ ಹೇಳುವವರು ಮೊದಲನೆಯದಾಗಿರಬೇಕು, ಎರಡನೆಯದಾದರೆ ನಿದ್ದೆ ಹೋಗುತ್ತಾರೆ.

‘ಸ್ಟಿಫ್ ಅಪ್ಪರ್ ಲಿಪ್’ ಅಂದರೆ ಅಳು ಬಂದಾಗ ನಡುಗುವ ತುಟಿಯನ್ನು ಬಿಗಿಹಿಡಿಯುವುದು. ಬ್ರಿಟಿಷರ ಗುರುತಾಗಿಬಿಟ್ಟಿರುವ ಈ ಮಾತು ಮೊದಲು ಕಾಣಿಸಿಕೊಂಡದ್ದು ಹತ್ತೊಂಬತ್ತನೇ ಶತಮಾನದ ಅಮೆರಿಕದ ಬರಹಗಳಲ್ಲಿ.

ಹಂತ 7: ಕೊನೆಗೆ, ಪದವನ್ನೇ ತೆಗೆದು ನೋಡಿ

ಒಂದು ಕನ್ನಡ ಸಾಲು ತೆಗೆದುಕೊಳ್ಳೋಣ. ‘ಫೋನ್ ಇಟ್ಟ. ಪೆನ್ನಿನ ಮುಚ್ಚಳ ಹಾಕಿದ. ಅಣ್ಣ ಹೋದನಂತೆ ಎಂದ.’ ಇದನ್ನು ಇಂಗ್ಲಿಷಿಗೆ ತರುವಾಗ ಅನುವಾದಕರ ಕೈ ತುರಿಸುತ್ತದೆ, ‘ಸ್ಟೋಯಿಕ್ ಆಗಿ ಹೇಳಿದ’ ಎಂದು ಸೇರಿಸಲು. ಹಂತ ಒಂದರಿಂದ ಬನ್ನಿ. ತಡೆದದ್ದು ಏನು? ಮುಖ ಕಾಣುತ್ತಿಲ್ಲ, ಮಾತು ಚಿಕ್ಕದಾಗಿದೆ. ಏಕೆ? ಗೊತ್ತಿಲ್ಲ. ಆಘಾತವಿರಬಹುದು, ಅಣ್ಣನ ಮೇಲೆ ಹಳೆಯ ಸಿಟ್ಟಿರಬಹುದು. ಹೇಳುತ್ತಿರುವುದು ಯಾರು? ಪಕ್ಷ ವಹಿಸದ ನಿರೂಪಕ. ಸ್ಟೋಯಿಕ್ ಎಂದರೆ ನೋವಿದೆ ಎಂದು ನಾನೇ ತೀರ್ಮಾನಿಸಿದಂತೆ. ಇಂಪ್ಯಾಸಿವ್ ಎಂದರೆ ಮೂಲದಲ್ಲಿಲ್ಲದ ಮುಖವೊಂದನ್ನು ತಂದು ನಿಲ್ಲಿಸಿದಂತೆ. ಡಿಟ್ಯಾಚ್ಡ್ ಎಂದರೆ ಸಿಟ್ಟಿನ ಪಕ್ಷ ಹಿಡಿದಂತೆ. ಕಥೆಗಾರ ಬೇಕೆಂದೇ ತೆರೆದಿಟ್ಟ ಬಾಗಿಲನ್ನು ಯಾವ ಪದ ಹಾಕಿದರೂ ಮುಚ್ಚಿಬಿಡುತ್ತೇನೆ. ಇಲ್ಲಿ ಪೆನ್ನಿನ ಮುಚ್ಚಳವೇ ಸಾಕು.

ಕಥೆಯಲ್ಲಿ ಹೀಗೆ ಪದ ಬಿಡಬಹುದು, ಶಿಫಾರಸು ಪತ್ರದಲ್ಲಿ ಬಿಡಲಾಗದು. ನನ್ನ ಸಹೋದ್ಯೋಗಿಯ ಪತ್ರಕ್ಕೆ ಮತ್ತೆ ಬರುತ್ತೇನೆ. ತಡೆದದ್ದು ಸಿಟ್ಟು ಮತ್ತು ಗಾಬರಿ. ಕಾರಣ ಸ್ವಭಾವ ಮತ್ತು ಅಭ್ಯಾಸ. ಹೇಳುವವನು ಹೊಗಳಲು ಹೊರಟ ನಾನು. ಯಾವಾಗಲೂ ಇರುವ ಗುಣ. ಹೊಡೆದುಹಾಕಿ ‘ಅನ್‌ಫ್ಲ್ಯಾಪಬಲ್’ ಎಂದು ಬರೆದೆ, ಜೊತೆಗೆ ‘ರಿಸರ್ವ್ಡ್’ ಸೇರಿಸಿದೆ, ಕೆಳಗೆ ಗಲಾಟೆಯ ದಿನವೊಂದರಲ್ಲಿ ಅವರು ಏನು ಮಾಡಿದರು ಎಂದು ಎರಡು ಸಾಲು ಹಾಕಿದೆ. ಆ ಎರಡು ಸಾಲೇ ಗುಣವಾಚಕಗಳಿಗಿಂತ ಚೆನ್ನಾಗಿ ಕೆಲಸ ಮಾಡಿತು ಎಂಬುದು ನನ್ನ ಅನುಮಾನ.

ಕಳಿಸುವ ಮುನ್ನ ಅವರಿಗೆ ತೋರಿಸಿದೆ. ಪೂರ್ತಿ ಓದಿದರು, ಹಾಳೆ ಮಡಚಿದರು. “ಪರವಾಗಿಲ್ಲ” ಎಂದರು.

ಲಕಾನಿಕ್.